ಯುಪಿವಿಸಿ ಹಿಂಬಾಗಿಲಿನ ಲಾಕ್ ಬಿಗಿ, ಕಿಟಕಿಯ ಹ್ಯಾಂಡಲ್ ಸಡಿಲ: ರಿಪೇರಿ ಸಾಕೇ, ಪೂರ್ತಿ ಬದಲಿಸಬೇಕೇ?

ಪ್ರಶ್ನೆ: ತುಂಗಾತೀರ, ರೆಡಿಂಗ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂಬಾಗಿಲು ಮತ್ತು ಮಹಡಿಯ ಕಿಟಕಿಗಳು ಬಿಳಿಯ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ, ಜೋಡಿ ಗಾಜಿನವು. ಹಿಂದಿನ ಮಾಲೀಕರು ಹಾಕಿಸಿದವು. ಹಿಂಬಾಗಿಲಿಗೆ ಬೀಗ ಹಾಕಬೇಕಾದರೆ ಮೊದಲು ಹ್ಯಾಂಡಲನ್ನು ಮೇಲಕ್ಕೆತ್ತಿ, ನಂತರ ಕೀಲಿಕೈ ತಿರುಗಿಸಬೇಕು. ಕಳೆದ ಬೇಸಿಗೆಯಿಂದ ಈ ಎತ್ತುವ ಕೆಲಸವೇ ಕಷ್ಟವಾಗಿದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಾಗ ಹ್ಯಾಂಡಲ್ ಅರ್ಧಕ್ಕೇ ನಿಲ್ಲುತ್ತದೆ, ರಾತ್ರಿ ತಂಪಾದ ಮೇಲೆ ಸ್ವಲ್ಪ ಸಲೀಸಾಗುತ್ತದೆ. ಜೊತೆಗೆ, ಕೈ ಬಿಟ್ಟ ಮೇಲೆ ಹ್ಯಾಂಡಲ್ ಮೊದಲಿನಂತೆ ಅಡ್ಡಕ್ಕೆ ನಿಲ್ಲದೆ ಕೆಳಕ್ಕೆ ಜೋತುಬೀಳುತ್ತದೆ. ಮಹಡಿಯ ಮಲಗುವ ಕೋಣೆಯ ಕಿಟಕಿಯದು ಬೇರೆಯೇ ತೊಂದರೆ: ಅದರ ಹ್ಯಾಂಡಲ್ ಸುಮ್ಮನೆ ಸುತ್ತುತ್ತದೆ, ಕಿಟಕಿ ಮಾತ್ರ ತೆರೆಯುವುದಿಲ್ಲ.

ಶಿವಮೊಗ್ಗದಿಂದ ಬಂದಿರುವ ಅಮ್ಮ ಈಗ ನಮ್ಮೊಂದಿಗಿದ್ದಾರೆ. ಅವರಿಗೆ ಸಂಧಿವಾತವಿದ್ದು, ಈ ಬಾಗಿಲನ್ನು ಹಾಕುವುದೂ ತೆಗೆಯುವುದೂ ಅವರ ಕೈಲಾಗುತ್ತಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಅಡುಗೆಮನೆಯಲ್ಲಿ ಏನಾದರೂ ಅನಾಹುತವಾದರೆ ಅವರು ಹೊರಬರುವುದು ಹೇಗೆ ಎಂಬುದೇ ನನಗೆ ದೊಡ್ಡ ಚಿಂತೆಯಾಗಿದೆ. ನೋಡಲು ಬಂದ ಮಾರಾಟ ಕಂಪನಿಯವರು, ಈ ಮಾದರಿಯ ಬಿಡಿಭಾಗಗಳು ಈಗ ಸಿಗುವುದಿಲ್ಲ, ಬಾಗಿಲನ್ನೂ ಕಿಟಕಿಯನ್ನೂ ಚೌಕಟ್ಟಿನ ಸಮೇತ ಬದಲಿಸಬೇಕು ಎಂದರು. ಆದರೆ ಗಾಜುಗಳ ನಡುವೆ ಎಲ್ಲಿಯೂ ಮಂಜು ಕಟ್ಟಿಲ್ಲ, ಚೌಕಟ್ಟು ಬಿರುಕು ಬಿಟ್ಟಿಲ್ಲ. ಲಾಕ್ ಮತ್ತು ಹ್ಯಾಂಡಲನ್ನಷ್ಟೇ ಸರಿಪಡಿಸಲು ಸಾಧ್ಯವೇ? ಕೆಟ್ಟಿರುವ ಭಾಗ ಯಾವುದೆಂದು ತಿಳಿಯುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಬಡಗಿಮನೆ, ಲೀಡ್ಸ್

ತುಂಗಾತೀರ ಅವರೇ, ಕಟ್ಟಡಗಳ ದುರಸ್ತಿಯೇ ನನ್ನ ಉದ್ಯೋಗವಾದ್ದರಿಂದ ಇಂತಹ ಬಾಗಿಲುಗಳನ್ನು ಬಹಳ ನೋಡಿದ್ದೇನೆ. ಗಾಜು ಮತ್ತು ಚೌಕಟ್ಟು ಗಟ್ಟಿಯಾಗಿರುವಾಗ ಲಾಕ್ ಬಿಗಿಯಾಯಿತೆಂಬ ಒಂದೇ ಕಾರಣಕ್ಕೆ ಇಡೀ ಬಾಗಿಲನ್ನು ಕಿತ್ತುಹಾಕುವುದು ದುಂದು ಎಂದೇ ನನ್ನ ಅಭಿಪ್ರಾಯ. ಏನನ್ನಾದರೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ತೆರೆದ ಸ್ಥಿತಿಯಲ್ಲೇ ಹ್ಯಾಂಡಲನ್ನು ಮೇಲಕ್ಕೆತ್ತಿ ಕೀಲಿಕೈ ತಿರುಗಿಸಿ. ಬಳಿಕ ಕೀಲಿಕೈಯನ್ನು ಹಿಂದಕ್ಕೆ ತಿರುಗಿಸಿ ಹ್ಯಾಂಡಲನ್ನು ಕೆಳಕ್ಕೆ ಒತ್ತಿ. ಆಗ ಎಲ್ಲವೂ ಸಲೀಸಾಗಿ ನಡೆದರೆ ನಿಮ್ಮ ಲಾಕ್ ಆರೋಗ್ಯವಾಗಿದೆ, ಬಾಗಿಲು ತನ್ನ ಜಾಗದಿಂದ ಜಗ್ಗಿದೆ ಎಂದರ್ಥ. ತೆರೆದಿದ್ದಾಗಲೂ ಬಿಗಿಯಾಗಿದ್ದರೆ, ಅಥವಾ ಒಳಗೆ ಏನೋ ಕಟಕಟ ಎಂದು ಜಾರಿದಂತಾದರೆ, ದೋಷ ಲಾಕಿನ ಒಳಗೇ ಇದೆ.

ಬಾಗಿಲಿನ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಹೋಗಿರುವ ಲೋಹದ ಪಟ್ಟಿಯನ್ನು ನೀವು ನೋಡಿರುತ್ತೀರಿ. ಹ್ಯಾಂಡಲ್ ಎತ್ತಿದಾಗ ಆ ಪಟ್ಟಿಯಲ್ಲಿರುವ ಕೊಕ್ಕೆಗಳು, ರೋಲರುಗಳು, ಗೂಟಗಳು ಏಕಕಾಲಕ್ಕೆ ಚಲಿಸಿ ಚೌಕಟ್ಟಿನ ಕಡೆಯ ಹಿಡಿಗಳೊಳಗೆ ಸೇರಿಕೊಳ್ಳುತ್ತವೆ. ಬಾಗಿಲು ಒಂದೆರಡು ಮಿಲಿಮೀಟರ್ ಇಳಿದರೂ ಕೊಕ್ಕೆ ತನ್ನ ರಂಧ್ರವನ್ನು ತಪ್ಪಿ ಲೋಹಕ್ಕೆ ತಾಗುತ್ತದೆ. ಬಿಸಿಲಿಗೆ ಹೆಚ್ಚಾಗುವ ನಿಮ್ಮ ತೊಂದರೆಯೂ ಇದನ್ನೇ ಸೂಚಿಸುತ್ತದೆ. ಯುಪಿವಿಸಿ ಬಿಸಿಗೆ ಚೆನ್ನಾಗಿ ಹಿಗ್ಗುವ ವಸ್ತು. ಎರಡು ಮೀಟರ್ ಉದ್ದದ ತುಂಡು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು 2ರಿಂದ 3 ಮಿ.ಮೀ. ಬೆಳೆಯಬಲ್ಲದು. ಸರಿಯಾಗಿ ಕೂತ ಬಾಗಿಲು ಇಷ್ಟನ್ನು ಸಹಿಸಿಕೊಳ್ಳುತ್ತದೆ, ಆಗಲೇ ಜಗ್ಗಿದ ಬಾಗಿಲು ಸಹಿಸುವುದಿಲ್ಲ.

ಇಲ್ಲಿ ಬಹಳ ಮುಖ್ಯವಾದ ಮಾತೊಂದಿದೆ. ಬಿಗಿಯಾದ ಹ್ಯಾಂಡಲನ್ನು ಬಲವಾಗಿ ಎತ್ತುತ್ತಾ ಹೋದರೆ ಆ ಒತ್ತಡವನ್ನೆಲ್ಲ ಹ್ಯಾಂಡಲಿನ ಹಿಂದಿದ್ದು ಕೊಕ್ಕೆಗಳನ್ನು ಓಡಿಸುವ ಗೇರ್‌ಬಾಕ್ಸ್ ಹೊರಬೇಕಾಗುತ್ತದೆ, ಒಂದು ದಿನ ಅದು ಒಳಗೇ ಮುರಿಯುತ್ತದೆ. ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ಮುರಿದರೆ ತೆರೆಯುವುದಕ್ಕೇ ದೊಡ್ಡ ಖರ್ಚು. ಬಾಗಿಲಿನ ಜಗ್ಗುವಿಕೆಯನ್ನು ಸರಿಪಡಿಸದೆ ಹೊಸ ಗೇರ್‌ಬಾಕ್ಸ್ ಹಾಕಿಸಿದವರಿಗೆ ಅದೂ ಅದೇ ರೀತಿ ಮುರಿಯುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಆ ಬಾಗಿಲನ್ನು ಬಲವಂತವಾಗಿ ಎಳೆದಾಡಬೇಡಿ.

ಬಿಡಿಭಾಗ ಸಿಗುವುದಿಲ್ಲ ಎಂಬ ಮಾತನ್ನು ಸುಲಭವಾಗಿ ಒಪ್ಪಬೇಡಿ. ಲೋಹದ ಪಟ್ಟಿಯ ಮೇಲೆ ಅಥವಾ ಗೇರ್‌ಬಾಕ್ಸಿನ ಪಕ್ಕದಲ್ಲಿ ತಯಾರಕರ ಹೆಸರು ಅಚ್ಚಾಗಿರುವುದು ವಾಡಿಕೆ. ಹಲವು ಮಾದರಿಗಳಲ್ಲಿ ಗೇರ್‌ಬಾಕ್ಸ್ ಮಾತ್ರ ಪ್ರತ್ಯೇಕವಾಗಿ ದೊರೆಯುತ್ತದೆ. ಹೆಸರು ಸಿಗದಿದ್ದರೆ ಅಳತೆಗಳಿಂದ ಹುಡುಕಬಹುದು: ಪಟ್ಟಿಯ ಮುಖದಿಂದ ಹ್ಯಾಂಡಲಿನ ಚೌಕ ಸರಳು ಹಾಯುವ ರಂಧ್ರದ ನಡುವಿನವರೆಗೆ ಎಷ್ಟು (35 ಅಥವಾ 45 ಮಿ.ಮೀ. ಸಾಮಾನ್ಯ), ಆ ರಂಧ್ರದ ನಡುವಿನಿಂದ ಕೀಲಿಕೈ ಸಿಲಿಂಡರಿನ ನಡುವಿನವರೆಗೆ ಎಷ್ಟು (92 ಮಿ.ಮೀ. ಬಹಳ ಸಾಮಾನ್ಯ), ಪಟ್ಟಿಯ ಅಗಲವೆಷ್ಟು, ಕೊಕ್ಕೆಗಳು ಯಾವ ಯಾವ ಎತ್ತರದಲ್ಲಿವೆ. ತಯಾರಿಕೆ ನಿಂತುಹೋದ ಹಳೆಯ ಲಾಕುಗಳ ಜಾಗದಲ್ಲಿ ಕೂರಿಸಲೆಂದೇ ಮಾಡಿದ ಪಟ್ಟಿಗಳೂ ಮಾರುಕಟ್ಟೆಯಲ್ಲಿವೆ.

ಉತ್ತರ: ಕಾವೇರಿಯವಳು, ಮಿಲ್ಟನ್ ಕೀನ್ಸ್

ಬಾಗಿಲಿನ ವಿಷಯವನ್ನು ಬಡಗಿಮನೆಯವರು ಚೆನ್ನಾಗಿ ವಿವರಿಸಿದ್ದಾರೆ. ನಾನು ಕಿಟಕಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯ ಕಿಟಕಿಗಳನ್ನು ನಾನೇ ಸರಿಪಡಿಸಿಕೊಂಡಿದ್ದೇನೆ ಮತ್ತು ಅದು ಎಣಿಸಿದಷ್ಟು ಕಷ್ಟದ ಕೆಲಸವಲ್ಲ.

ಹ್ಯಾಂಡಲ್ ಸುಮ್ಮನೆ ಸುತ್ತುತ್ತಿದ್ದರೆ ಎರಡು ಸಾಧ್ಯತೆಗಳಿವೆ: ಹ್ಯಾಂಡಲೇ ಒಳಗೆ ಮುರಿದಿರಬಹುದು, ಇಲ್ಲವೇ ಕಿಟಕಿಯ ಅಂಚಿನೊಳಗೆ ಓಡಾಡುವ ಲಾಕ್ ಪಟ್ಟಿಯ ಗೇರ್‌ಬಾಕ್ಸ್ ಸವೆದಿರಬಹುದು. ಹ್ಯಾಂಡಲಿನ ಮೇಲಿರುವ ಚಿಕ್ಕ ಪ್ಲಾಸ್ಟಿಕ್ ಮುಚ್ಚಳಗಳನ್ನು ತೆಗೆದರೆ ಎರಡು ತಿರುಪುಗಳು ಕಾಣುತ್ತವೆ. ಅವುಗಳ ನಡುವಿನ ಅಂತರ ಸಾಮಾನ್ಯವಾಗಿ 43 ಮಿ.ಮೀ. ಇರುತ್ತದೆ. ಹ್ಯಾಂಡಲನ್ನು ಹೊರಗೆಳೆದು, ಅದರ ಹಿಂಬದಿಯ 7 ಮಿ.ಮೀ. ಚೌಕ ಸರಳು ಹ್ಯಾಂಡಲಿನ ಜೊತೆಗೆ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಹ್ಯಾಂಡಲನ್ನಷ್ಟೇ ಬದಲಿಸಿದರೆ ಸಾಕು. ಕೊಳ್ಳುವಾಗ ಚೌಕ ಸರಳಿನ ಉದ್ದವನ್ನು ಅಳೆದುಕೊಂಡು ಹೋಗಿ. ಉದ್ದ ಕಡಿಮೆಯಾದರೆ ಗೇರ್‌ಬಾಕ್ಸಿಗೆ ಸರಿಯಾಗಿ ಸಿಕ್ಕಿಕೊಳ್ಳುವುದಿಲ್ಲ, ಹೆಚ್ಚಾದರೆ ಹ್ಯಾಂಡಲ್ ಚೌಕಟ್ಟಿಗೆ ಅಂಟಿ ಕೂರುವುದಿಲ್ಲ. ಕೀಲಿಕೈ ಇರುವ ಹ್ಯಾಂಡಲನ್ನೇ ಆರಿಸಿಕೊಂಡರೆ ಕೀಲಿಕೈಯನ್ನು ಅಮ್ಮನವರಿಗೆ ಗೊತ್ತಿರುವ ಜಾಗದಲ್ಲೇ ಇಡಿ.

ಸರಳು ಸರಿಯಾಗಿ ತಿರುಗುತ್ತಿದ್ದೂ ಕಿಟಕಿ ತೆರೆಯದಿದ್ದರೆ ದೋಷ ಗೇರ್‌ಬಾಕ್ಸಿನದು. ಹ್ಯಾಂಡಲನ್ನು ಮತ್ತೆ ಕೂರಿಸಿ, ಇನ್ನೊಬ್ಬರು ತೆರೆಯುವ ಕದವನ್ನು ಒಳಗಿನಿಂದ ಬೇರೆ ಬೇರೆ ಕಡೆ ಮೆಲ್ಲಗೆ ಅಲುಗಾಡಿಸುತ್ತಿರುವಾಗ ನೀವು ಹ್ಯಾಂಡಲ್ ತಿರುಗಿಸಿ ನೋಡಿ. ಪಟ್ಟಿಯ ಮೇಲಿನ ಒತ್ತಡ ಸಡಿಲಿದಾಗ ಸವೆದ ಗೇರು ಒಮ್ಮೊಮ್ಮೆ ಹಿಡಿಯುತ್ತದೆ. ಆಗಲೂ ಬರದಿದ್ದರೆ ಅಲ್ಲಿಗೆ ನಿಲ್ಲಿಸಿ. ನುರಿತವರು ಚೌಕಟ್ಟಿನ ಸಂದಿಯಲ್ಲಿ ತೆಳ್ಳನೆಯ ಉಪಕರಣವನ್ನು ತೂರಿಸಿ ಪಟ್ಟಿಯನ್ನು ಸರಿಸುತ್ತಾರೆ. ಮಹಡಿಯ ಕಿಟಕಿಯಾದ್ದರಿಂದ ಹೊರಗಿನಿಂದ ಏಣಿ ಹಾಕುವ ಸಾಹಸ ಖಂಡಿತ ಬೇಡ.

ಕಿಟಕಿ ತೆರೆದ ಮೇಲೆ ಪಟ್ಟಿಯನ್ನು ಬಿಚ್ಚುವುದು ಸುಲಭ. ಹೊಸದಕ್ಕೆ ಬೇಕಾದ ಮುಖ್ಯ ಅಳತೆ, ಪಟ್ಟಿಯ ಮುಖದಿಂದ ಸರಳಿನ ರಂಧ್ರದ ನಡುವಿನವರೆಗಿನ ದೂರ. ಅದು 20 ಅಥವಾ 22 ಮಿ.ಮೀ. ಇರುವುದೇ ಹೆಚ್ಚು. ಎರಡೇ ಮಿಲಿಮೀಟರ್ ಎಂದು ಅಂದಾಜಿನಲ್ಲಿ ಕೊಂಡರೆ ಹ್ಯಾಂಡಲ್ ಕೂರುವುದಿಲ್ಲ. ಪಟ್ಟಿಯ ಮೇಲಿನ ಅಣಬೆಯಾಕಾರದ ಗುಬುಟುಗಳ ಜಾಗವನ್ನೂ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ. ಈ ಗುಬುಟುಗಳನ್ನು ಅಲೆನ್ ಕೀಯಿಂದ ತಿರುಗಿಸಿ ಕಿಟಕಿ ಎಷ್ಟು ಬಿಗಿಯಾಗಿ ಮುಚ್ಚಬೇಕೆಂದು ಹೊಂದಿಸಿಕೊಳ್ಳಬಹುದಾದ ಮಾದರಿಗಳೂ ಇವೆ. ಚಳಿಗಾಳಿ ನುಸುಳುವ ಎಷ್ಟೋ ಕಿಟಕಿಗಳಿಗೆ ಇಷ್ಟೇ ಚಿಕಿತ್ಸೆ ಸಾಕು.

ಅದೇ ಸಮಯದಲ್ಲಿ ಕದವನ್ನು ಹೊತ್ತಿರುವ ಉಕ್ಕಿನ ಜಾರುಕೀಲುಗಳನ್ನೂ ನೋಡಿ. ಅವು ಸವೆದು ಕದ ಓರೆಯಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಉದ್ದದ ಜೊತೆಗೆ ಅವುಗಳ ದಪ್ಪವೂ, ಅಂದರೆ 13 ಅಥವಾ 17 ಮಿ.ಮೀ., ಹೊಂದಬೇಕು. ಬೆಂಕಿಯ ಸಂದರ್ಭದಲ್ಲಿ ಹೊರಬರಲು ಅನುಕೂಲವಾಗುವಂತೆ ಅಗಲವಾಗಿ ತೆರೆಯುವ ಕೀಲು ಆ ಕೋಣೆಯಲ್ಲಿದ್ದರೆ ಅದೇ ಬಗೆಯದನ್ನೇ ಮತ್ತೆ ಹಾಕಿಸಿ.

ಉತ್ತರ: ಕರಾವಳಿಯವನು, ಬ್ರಿಸ್ಟಲ್

ಬಾಗಿಲಿನ ಕೆಲಸ ಮಾಡಿಸುವಾಗ ಸಿಲಿಂಡರಿನ ಕಡೆಗೂ ಗಮನ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಇಂತಹ ಬಾಗಿಲುಗಳಲ್ಲಿ ಕೀಲಿಕೈ ತೂರಿಸುವ ಭಾಗವಾದ ಹಳೆಯ ಯೂರೋ ಸಿಲಿಂಡರುಗಳು, ತಿರುಪು ಹಾಯುವ ರಂಧ್ರವಿರುವ ನಡುಭಾಗದಲ್ಲಿ ಬಹಳ ತೆಳುವಾಗಿರುವುದರಿಂದ, ಹೊರಗೆ ಚಾಚಿಕೊಂಡಿದ್ದರೆ ಕಳ್ಳರು ಅವನ್ನು ಹಿಡಿದು ಮುರಿಯುತ್ತಾರೆ. ಸಿಲಿಂಡರ್ ಹ್ಯಾಂಡಲಿನ ತಟ್ಟೆಯಿಂದ 3 ಮಿ.ಮೀ.ಗಿಂತ ಹೆಚ್ಚು ಹೊರಚಾಚಿರಬಾರದು. ಟಿಎಸ್ 007 ಮಾನದಂಡದ ಮೂರು ನಕ್ಷತ್ರಗಳ ಸಿಲಿಂಡರ್, ಅಥವಾ ಒಂದು ನಕ್ಷತ್ರದ ಸಿಲಿಂಡರ್ ಜೊತೆಗೆ ಎರಡು ನಕ್ಷತ್ರಗಳ ಹ್ಯಾಂಡಲ್ ಹಾಕಿಸಿದರೆ ಈ ಭಯ ಬಹಳ ಕಡಿಮೆಯಾಗುತ್ತದೆ.

ಬದಲಿಸುವ ವಿಧಾನ ಸರಳ. ಬಾಗಿಲಿನ ಅಂಚಿನಲ್ಲಿ ಸಿಲಿಂಡರಿನ ನೇರಕ್ಕಿರುವ ಒಂದೇ ಉದ್ದನೆಯ ತಿರುಪನ್ನು ಬಿಚ್ಚಿ, ಕೀಲಿಕೈಯನ್ನು ಸ್ವಲ್ಪವೇ ತಿರುಗಿಸಿ ಒಳಗಿನ ನಾಲಿಗೆ ಸಿಲಿಂಡರಿನ ಮೈಗೆ ಸಮವಾಗುವಂತೆ ಮಾಡಿದರೆ ಅದು ಹೊರಬರುತ್ತದೆ. ಅಳತೆಯನ್ನು ತಿರುಪಿನ ರಂಧ್ರದ ನಡುವಿನಿಂದ ಒಳಬದಿಗೂ ಹೊರಬದಿಗೂ ಬೇರೆ ಬೇರೆಯಾಗಿ ತೆಗೆಯಬೇಕು, ಏಕೆಂದರೆ ಎರಡೂ ಸಮನಾಗಿರಲೇಬೇಕೆಂದಿಲ್ಲ. ನಿಮ್ಮ ತಾಯಿಯವರ ಸಲುವಾಗಿ, ಒಳಬದಿಯಲ್ಲಿ ಕೀಲಿಕೈಯ ಬದಲು ಕೈಯಿಂದಲೇ ತಿರುಗಿಸುವ ಗುಂಡಿಯಿರುವ ಸಿಲಿಂಡರನ್ನು ಆರಿಸಿಕೊಳ್ಳಿ. ಹೊಗೆ ತುಂಬಿದಾಗ ಕೀಲಿಕೈ ಹುಡುಕುವ ಪ್ರಸಂಗ ಬರುವುದಿಲ್ಲ. ಆದರೆ ಗುಂಡಿಯ ಪಕ್ಕದಲ್ಲೇ ಗಾಜಿದ್ದರೆ ಅದನ್ನು ಒಡೆದು ಕೈ ಹಾಕುವ ಅಪಾಯವನ್ನೂ ಯೋಚಿಸಬೇಕು. ಮನೆಯ ವಿಮೆಯ ಷರತ್ತುಗಳನ್ನೂ ಒಮ್ಮೆ ಓದಿಕೊಳ್ಳಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2002ರ ಏಪ್ರಿಲ್‌ನಿಂದ ಬಾಗಿಲು ಕಿಟಕಿಗಳನ್ನು ಚೌಕಟ್ಟಿನ ಸಮೇತ ಹೊಸದಾಗಿ ಹಾಕಿಸಿದರೆ ಕಟ್ಟಡ ನಿಯಮಗಳ ಪ್ರಕಾರ ಪ್ರಮಾಣಪತ್ರ ಬೇಕು. ಫೆನ್ಸಾ (ಬಾಗಿಲು ಕಿಟಕಿ ಹಾಕುವವರ ನೋಂದಣಿ ಯೋಜನೆ) ಸದಸ್ಯರು ಕೊಡುವುದು ಅದನ್ನೇ. ಲಾಕ್, ಹ್ಯಾಂಡಲ್, ಕೀಲುಗಳ ದುರಸ್ತಿಗೆ ಅದರ ಅಗತ್ಯವಿಲ್ಲ. ಬೀಗದ ಕೆಲಸಗಾರರಿಗೆ ಇಲ್ಲಿ ಸರ್ಕಾರದ ಪರವಾನಗಿ ಪದ್ಧತಿ ಇಲ್ಲದ ಕಾರಣ, ಒಟ್ಟು ಖರ್ಚೆಷ್ಟೆಂದು ಮೊದಲೇ ಬರೆಸಿಕೊಳ್ಳಿ. ಬಾಡಿಗೆ ಮನೆಯಲ್ಲಿರುವವರು ಇದನ್ನು ಓದುತ್ತಿದ್ದರೆ, ಮಾಲೀಕರಿಗೆ ಲಿಖಿತವಾಗಿ ತಿಳಿಸುವುದು ಮೊದಲ ಹೆಜ್ಜೆ. ಇಂಗ್ಲೆಂಡಿನಲ್ಲಿ 1985ರ ಭೂಮಾಲೀಕ ಮತ್ತು ಬಾಡಿಗೆದಾರ ಕಾಯಿದೆಯ 11ನೇ ವಿಧಿಯಂತೆ ಕಟ್ಟಡದ ಹೊರಭಾಗದ ದುರಸ್ತಿ ಸಾಮಾನ್ಯವಾಗಿ ಅವರ ಹೊಣೆ.

ಪ್ರತಿಕ್ರಿಯೆ: ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಿಟಕಿಯ ಹ್ಯಾಂಡಲಿನೊಳಗೆ ಸರಳು ಕಳಚಿಕೊಂಡಿತ್ತು. ಹೊಸ ಹ್ಯಾಂಡಲ್ ಹಾಕಿದ ಮೇಲೆ ಕಿಟಕಿ ತೆರೆದಿದೆ. ಬಾಗಿಲನ್ನು ತೆರೆದಿಟ್ಟು ಪರೀಕ್ಷಿಸಿದಾಗ ಹ್ಯಾಂಡಲ್ ಸಲೀಸಾಗಿ ಎದ್ದಿತು, ಕೀಲಿಕೈಯೂ ತಿರುಗಿತು. ಅಂದರೆ ಬಾಗಿಲು ಜಗ್ಗಿದೆ ಎಂದಾಯಿತು. ಆದರೆ ಹ್ಯಾಂಡಲ್ ಜೋತುಬೀಳುವುದು ಹಾಗೆಯೇ ಇದೆ. ಕೆಳಗಿನ ಮೂಲೆ ಹೊಸ್ತಿಲಿಗೆ ಉಜ್ಜಿದ ಗುರುತೂ ಕಾಣುತ್ತಿದೆ. ಮುಂದೇನು ಮಾಡಬೇಕು?

ಉತ್ತರ: ಬಡಗಿಮನೆ, ಲೀಡ್ಸ್

ಒಳ್ಳೆಯ ಸುದ್ದಿ. ಮೊದಲು ಕೀಲುಗಳನ್ನು ನೋಡಿ. ಮುಚ್ಚಳ ತೆಗೆದರೆ ಅಲೆನ್ ಕೀಗೆ ಹೊಂದುವ ತಿರುಪುಗಳಿರುತ್ತವೆ. ಮಾದರಿಗೆ ತಕ್ಕಂತೆ ಅವು ಬಾಗಿಲನ್ನು ಮೇಲೆ ಕೆಳಗೆ ಅಥವಾ ಅಕ್ಕಪಕ್ಕಕ್ಕೆ ಸರಿಸುತ್ತವೆ. ಕಾಲು ಸುತ್ತಿನಷ್ಟು ತಿರುಗಿಸಿ, ಬಾಗಿಲು ಮುಚ್ಚಿ ನೋಡಿ, ಮತ್ತೆ ಕಾಲು ಸುತ್ತು. ಬಾಗಿಲಿನ ಸುತ್ತಲಿನ ಸಂದಿ ನಾಲ್ಕೂ ಕಡೆ ಒಂದೇ ಅಗಲಕ್ಕೆ ಬರುವುದು ನಿಮ್ಮ ಗುರಿ.

ಹ್ಯಾಂಡಲಿನ ಕಡೆಯ ಕೆಳಮೂಲೆ ಮಾತ್ರ ಇಳಿದಿದ್ದರೆ ಕೀಲುಗಳಿಂದ ಪೂರ್ತಿ ಸರಿಹೋಗದೆ ಇರಬಹುದು. ಬಾಗಿಲಿನ ಗಾಜಿನ ಸುತ್ತಲಿನ ಯುಪಿವಿಸಿ ಚೌಕಟ್ಟು ತಾನೇ ಬಿಗಿಯಾಗಿ ನಿಲ್ಲುವಷ್ಟು ಗಡಸಲ್ಲ. ಒಳಗಿನ ಗಾಜು, ಮಂಚದ ಕಾಲುಗಳಿಗೆ ಓರೆಯಾಗಿ ಬಡಿದ ಪಟ್ಟಿಯಂತೆ, ಅದನ್ನು ಹಿಡಿದು ನಿಲ್ಲಿಸುತ್ತದೆ. ಹಾಗೆ ಹಿಡಿಯಬೇಕಾದರೆ ಗಾಜಿನ ಮತ್ತು ಚೌಕಟ್ಟಿನ ನಡುವೆ ಪ್ಲಾಸ್ಟಿಕ್ ಪಟ್ಟಿಗಳನ್ನು ಕೀಲಿನ ಕಡೆಯ ಕೆಳಮೂಲೆಯಲ್ಲೂ ಹ್ಯಾಂಡಲಿನ ಕಡೆಯ ಮೇಲ್ಮೂಲೆಯಲ್ಲೂ ಇಡಬೇಕು. ಬಾಗಿಲಿನ ಭಾರ ಆ ಕರ್ಣದ ಮೂಲಕ ಕೆಳಗಿನ ಕೀಲಿಗೆ ಇಳಿಯುತ್ತದೆ, ಹ್ಯಾಂಡಲಿನ ಬದಿ ಮೇಲೇಳುತ್ತದೆ. ಆ ಪಟ್ಟಿಗಳು ಜಾರಿದ್ದರೆ, ಅಥವಾ ಹಾಕಿದವರು ಸರಿಯಾದ ಮೂಲೆಗಳಲ್ಲಿ ಇಡದಿದ್ದರೆ, ಬಾಗಿಲು ವರ್ಷಗಳಲ್ಲಿ ನಿಧಾನವಾಗಿ ಜಗ್ಗುತ್ತದೆ. ಬಾಗಿಲಿನ ನಡುವೆ ಅಡ್ಡಪಟ್ಟಿಯಿದ್ದು ಕೆಳಗೆ ಗಾಜಿನ ಬದಲು ಹಲಗೆಯಿದ್ದರೆ ಎರಡೂ ಭಾಗಗಳಿಗೆ ಇದೇ ಕ್ರಮ ಬೇಕು.

ಗಾಜನ್ನು ಹಿಡಿದಿರುವ ಒಳಪಟ್ಟಿಗಳನ್ನು ತೆಗೆಯುವಾಗ ಉದ್ದನೆಯದರ ನಡುವಿನಿಂದ ಶುರುಮಾಡಿ, ಯಾವುದು ಎಲ್ಲಿಯದೆಂದು ಗುರುತು ಹಾಕಿಕೊಳ್ಳಿ, ಮರಳಿ ಹಾಕುವಾಗ ಗಿಡ್ಡನೆಯವನ್ನು ಮೊದಲು ಕೂರಿಸಿ. ಬಾಗಿಲಿನ ಗಾಜು ಗಡಸುಗೊಳಿಸಿದ್ದಾದರೆ ಅದರ ಅಂಚಿಗೆ ಲೋಹ ತಾಗಿದರೂ ಪೂರ್ತಿ ಪುಡಿಯಾಗಬಹುದು, ಆದ್ದರಿಂದ ಇದನ್ನು ಒಬ್ಬರೇ ಮಾಡಬೇಡಿ. ಅನುಮಾನವಿದ್ದರೆ ಈ ಒಂದು ಕೆಲಸಕ್ಕೆ ನುರಿತವರನ್ನು ಕರೆಸಿ. ಇದೆಲ್ಲ ಮುಗಿದ ಮೇಲೆ, ಇನ್ನೂ ಅಗತ್ಯವಿದ್ದರೆ ಮಾತ್ರ, ಚೌಕಟ್ಟಿನ ಮೇಲಿನ ಹಿಡಿಗಳನ್ನು ಸರಿಸಿ.

ಹ್ಯಾಂಡಲ್ ಜೋತುಬೀಳುವುದು ಸ್ಪ್ರಿಂಗಿನ ಸೋಲು. ಕೆಲವು ಬಾಗಿಲುಗಳಲ್ಲಿ ಆ ಸ್ಪ್ರಿಂಗ್ ಹ್ಯಾಂಡಲಿನ ತಟ್ಟೆಯೊಳಗಿದ್ದರೆ ಕೆಲವಕ್ಕೆ ಗೇರ್‌ಬಾಕ್ಸಿನಲ್ಲಿರುತ್ತದೆ. ನಿಮ್ಮ ಗೇರ್‌ಬಾಕ್ಸ್ ಸರಿಯಾಗಿ ಕೆಲಸ ಮಾಡುತ್ತಿರುವುದರಿಂದ ಸ್ಪ್ರಿಂಗ್ ಇರುವ ಹೊಸ ಹ್ಯಾಂಡಲ್ ಜೋಡಿಯನ್ನು ಹಾಕಿದರೆ ಎರಡೂ ಸಂದರ್ಭಗಳಲ್ಲಿ ಸಾಕಾಗುತ್ತದೆ. ಸರಳಿನಿಂದ ಸಿಲಿಂಡರಿನವರೆಗಿನ ಅಂತರದ ಜೊತೆಗೆ ಮೇಲಿನ ಮತ್ತು ಕೆಳಗಿನ ತಿರುಪುಗಳ ನಡುವಿನ ಅಂತರವನ್ನೂ ಅಳೆಯಿರಿ. ತಟ್ಟೆಯ ಉದ್ದವೊಂದನ್ನೇ ನೋಡಿ ಕೊಂಡರೆ ಹಳೆಯ ರಂಧ್ರಗಳಿಗೆ ಹೊಂದುವುದಿಲ್ಲ. ಕೊಕ್ಕೆ ಮತ್ತು ರೋಲರುಗಳಿಗೆ ವರ್ಷಕ್ಕೊಮ್ಮೆ ಸಿಲಿಕೋನ್ ಅಥವಾ ಪಿಟಿಎಫ್ಇ ಸ್ಪ್ರೇ ಹೊಡೆಯಿರಿ, ಸಿಲಿಂಡರಿಗೆ ಗ್ರಾಫೈಟ್ ಪುಡಿ ಒಳ್ಳೆಯದು. ಕೊನೆಯಲ್ಲಿ ಬಿಸಿಲಿರುವ ಒಂದು ಮಧ್ಯಾಹ್ನ ನಿಮ್ಮ ತಾಯಿಯವರಿಂದಲೇ ಬಾಗಿಲನ್ನು ಹಾಕಿಸಿ, ತೆಗೆಸಿ ನೋಡಿ. ಅವರ ಕೈಗೆ ಇನ್ನೂ ಭಾರವೆನಿಸಿದರೆ ಹ್ಯಾಂಡಲ್ ಕಡೆಯ ಮೇಲ್ಮೂಲೆಯ ಪ್ಲಾಸ್ಟಿಕ್ ಪಟ್ಟಿಯನ್ನು ಒಂದು ಮಿಲಿಮೀಟರ್ ದಪ್ಪದ್ದಕ್ಕೆ ಬದಲಿಸಿ.