ಅಪ್‌ಡೇಟ್: ಮಗನ ಗುಂಪು ಚಿಕಿತ್ಸೆ, ಮೂರು ತಿಂಗಳ ನಂತರ

ಸರದಿ ಕಾಯಲು, ಸಿಟ್ಟು ತಡೆಯಲು ಕಷ್ಟಪಡುವ ನನ್ನ ಹನ್ನೊಂದು ವರ್ಷದ ಮಗನಿಗೆ ಗುಂಪು ಚಿಕಿತ್ಸೆ ಸೂಕ್ತವೇ ಎಂದು ಕೇಳಿದ್ದೆ. ಧಾರವಾಡದಲ್ಲೇ ಆರು ಮಕ್ಕಳ ಗುಂಪಿಗೆ ಸೇರಿಸಿದೆವು. ಆಪ್ತಸಮಾಲೋಚಕಿ ಮೊದಲು ಒಂದು ಸನ್ನಿವೇಶವನ್ನು ತಾವೇ ಅಭಿನಯಿಸಿ ತೋರಿಸುತ್ತಾರೆ. ಬಳಿಕ ಮಕ್ಕಳು ಅದನ್ನು ಆಡಿ, ಪರಸ್ಪರ ಅಭಿಪ್ರಾಯ ಹೇಳಿ, ವಾರವಿಡೀ ಮನೆಯಲ್ಲಿ ಅಭ್ಯಾಸ ಮಾಡಬೇಕು. ಮೊದಲ ತಿಂಗಳು ಈ ಮನೆಯ ಅಭ್ಯಾಸವನ್ನು ನಾವೇ ಕಡೆಗಣಿಸಿದ್ದರಿಂದ ಬದಲಾವಣೆ ಕಾಣಲಿಲ್ಲ, ಅದು ನಮ್ಮ ತಪ್ಪು. ಕಳೆದ ವಾರ ಸುಭಾಸ ರಸ್ತೆಯ ಅಂಗಡಿಯಲ್ಲಿ ಒಬ್ಬರು ನಡುವೆ ನುಗ್ಗಿದಾಗ ಅವನು ಕೂಗಾಡದೆ, ದೀರ್ಘವಾಗಿ ಉಸಿರೆಳೆದು, "ಕಾಕಾ, ಈಗ ನನ್ನ ಪಾಳಿ ಐತ್ರಿ" ಎಂದಾಗ ನನ್ನ ಕಣ್ಣು ತುಂಬಿ ಬಂತು.

ಹಿರಿಯರಿಗೂ ಇದು ಉಪಯೋಗವೇ ಎಂದು ಕೇಳಿದವರಿಗೆ: 1905ರಲ್ಲಿ ಬಾಸ್ಟನ್‌ನ ವೈದ್ಯ ಜೋಸೆಫ್ ಪ್ರ್ಯಾಟ್ ಗುಂಪು ಚಿಕಿತ್ಸೆಯನ್ನು ಆರಂಭಿಸಿದ್ದೇ ಕ್ಷಯರೋಗದ ವಯಸ್ಕರ ಗುಂಪಿನಿಂದ.