ಶಿವಮೊಗ್ಗದಿಂದ ಬೆಂಗಳೂರಿಗೆ: ಒಂದು ಬೆಕ್ಕು, ಎರಡಡಿ ಫಿಶ್ ಟ್ಯಾಂಕ್, 36,000 ಸಂಬಳ. ಕೈಯಲ್ಲಿ ಎಷ್ಟಿದ್ದರೆ ಹೊರಡಬಹುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಶಿವಮೊಗ್ಗದ ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಜೂನ್‌ನಿಂದ ವಾರಕ್ಕೆ ಮೂರು ದಿನ ಎಂ.ಜಿ. ರಸ್ತೆಯ ಆಫೀಸಿಗೆ ಹೋಗಬೇಕು. ಪಿಜಿಯಲ್ಲಿ ಬೆಕ್ಕಿಗೆ ಜಾಗ ಕೊಡಲ್ಲ, ಹಾಗಾಗಿ ಕೆಂಗೇರಿ ಕಡೆ 11,000ದ ಆಸುಪಾಸಿನಲ್ಲಿ ಒನ್ ಬಿಎಚ್‌ಕೆ ಹುಡುಕ್ತಿದ್ದೀನಿ. ಕೈಗೆ ಬರೋದು 36,000, ಅದರಲ್ಲಿ 4,000 ಅಮ್ಮನ ಕೈಗೆ ಕೊಡಲೇಬೇಕು. ಉಳಿತಾಯ 1,20,000 ಇದೆ.

ಚುಕ್ಕಿ ಒಂದೂವರೆ ವರ್ಷದ ಹೆಣ್ಣು ಬೆಕ್ಕು, ಮೂರೂವರೆ ಕೆಜಿ. ಲಸಿಕೆ ಆಗಿದೆ, ಮರಿಯಾಗದ ಹಾಗೆ ಮಾಡೋ ಆಪರೇಷನ್ ಆಗಿಲ್ಲ. ಟ್ಯಾಂಕ್ 60×30×30 ಸೆಂ.ಮೀ., ಅದರಲ್ಲಿ 10 ಗಪ್ಪಿ, 8 ನಿಯಾನ್ ಟೆಟ್ರಾ, ಸ್ಪಾಂಜ್ ಫಿಲ್ಟರ್. ಇದೊಂದೇ ನನ್ನ ಹವ್ಯಾಸ, ಮಾರೋಕೆ ಮನಸ್ಸಿಲ್ಲ.

ಈ ದುಡ್ಡು ಸಾಕಾ? ತಿಂಗಳ ಲೆಕ್ಕ ಹೇಗೆ ಹಾಕಲಿ? ಬೆಕ್ಕು, ಟ್ಯಾಂಕ್ ಎರಡನ್ನೂ ಒಂದೇ ಗಾಡಿಯಲ್ಲಿ ತರಬಹುದಾ? ಮನೆ ಮಾಲೀಕರೊಬ್ಬರು "ಬೆಕ್ಕು ತಾನೇ, ಪರವಾಗಿಲ್ಲ" ಅಂದಿದ್ದಾರೆ. ಅಷ್ಟು ಸಾಕಾ?

ಲೆಕ್ಕದಪುಸ್ತಕ

ಹೊರಡೋ ದಿನದ ದುಡ್ಡು ಬೇರೆ, ತಿಂಗಳ ದುಡ್ಡು ಬೇರೆ. ಎರಡನ್ನೂ ಕಲಸಿಬಿಟ್ಟರೆ ಲೆಕ್ಕ ತಪ್ಪುತ್ತೆ.

ಹೊರಡೋದಕ್ಕೆ: ಅಡ್ವಾನ್ಸ್ ಹತ್ತು ತಿಂಗಳದ್ದು ಅಂತ ಶುರು ಮಾಡೋರು ಇನ್ನೂ ಇದ್ದಾರೆ, ಮಾತಾಡಿದರೆ ಐದಕ್ಕೆ ಇಳೀತಾರೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡೇ ತಿಂಗಳು ಅಂತ ಇದೆ. ಆದರೆ ರಾಜ್ಯ ಅಳವಡಿಸಿಕೊಳ್ಳದ ಹೊರತು ಅದು ಜಾರಿಗೆ ಬರಲ್ಲ, ಅದನ್ನು ಹಿಡಿದು ವಾದಕ್ಕೆ ಇಳಿಯಬೇಡಿ. ಐದು ತಿಂಗಳು ಅಂದರೆ 55,000. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳೋದು ಇಲ್ಲಿ ವಾಡಿಕೆ, ಹಾಗಾಗಿ ವಾಪಸ್ ಬರೋದು 44,000 ಅಂತಲೇ ಈಗಲೇ ಬರೆದಿಟ್ಟುಕೊಳ್ಳಿ. ಮೊದಲ ತಿಂಗಳ ಬಾಡಿಗೆ 11,000. ಕರಾರುಪತ್ರಕ್ಕೆ ಇ-ಸ್ಟಾಂಪ್, ಟೈಪಿಂಗ್ ಸೇರಿ 1,000. (11 ತಿಂಗಳಿಗೇ ಮಾಡೋದು ಯಾಕೆ ಅಂದರೆ, ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು.) ಸಾಮಾನಿನ ಗಾಡಿಗೆ 10,000 ಇಡಿ. ಬೆಂಗಳೂರಿಗೆ ಖಾಲಿ ವಾಪಸ್ ಹೋಗೋ ಗಾಡಿ ಸಿಕ್ಕರೆ ಕಡಿಮೆಯಾಗುತ್ತೆ. ಹೊಸ ಗ್ಯಾಸ್ ಕನೆಕ್ಷನ್‌ಗೆ 14.2 ಕೆಜಿ ಸಿಲಿಂಡರ್ ಠೇವಣಿ 2,200, ರೆಗ್ಯುಲೇಟರ್ 250. ಪೈಪು, ಪುಸ್ತಕ, ಮೊದಲ ಗ್ಯಾಸು ಸೇರಿ 4,000ದೊಳಗೆ ಆಗುತ್ತೆ. ಸ್ಟವ್ 2,000, ಹಾಸಿಗೆ 5,000, ಸೆಕೆಂಡ್ ಹ್ಯಾಂಡ್ ಫ್ರಿಜ್ 7,000, ಬೆಕ್ಕಿಗಾಗಿ ಕಿಟಕಿ ಬಾಲ್ಕನಿ ಜಾಲರಿ 3,000.

ಒಟ್ಟು 98,000. ಬ್ರೋಕರ್ ಮೂಲಕ ಹೋದರೆ ಇನ್ನೊಂದು 11,000. ಕೆಂಗೇರಿ ಉಪನಗರದ ಅಡ್ಡರಸ್ತೆಗಳಲ್ಲಿ ಎರಡು ಶನಿವಾರ ಟು-ಲೆಟ್ ಬೋರ್ಡ್ ನೋಡ್ತಾ ಓಡಾಡಿ, ಅದು ಉಳಿಯುತ್ತೆ. ಆಗ ಕೈಯಲ್ಲಿ ಮಿಗೋದು 22,000. ಪ್ರಾಣಿ ಸಾಕೋರಿಗೆ ಇದು ಸಾಲದು, ಒಂದು ರಾತ್ರಿ ಬೆಕ್ಕನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಅರ್ಧ ಕರಗುತ್ತೆ. ತುರ್ತಿಗೆ ಅಂತ 40,000 ಕೈಯಲ್ಲಿ ಉಳಿದಿರಬೇಕು.

ಅದಕ್ಕೆ ದಾರಿ ಇದೆ. ಏಪ್ರಿಲ್, ಮೇ ಎರಡೂ ಸಂಬಳದ ದಿನವೇ 11,500 ರೂಪಾಯಿಯನ್ನು ಬಾಡಿಗೆ ಕಟ್ಟಿದ ಹಾಗೆ ಬೇರೆ ಖಾತೆಗೆ ಹಾಕಿಬಿಡಿ, ತಿಂಗಳ ಕೊನೆಗೆ ಅಲ್ಲ. 23,000 ಸೇರುತ್ತೆ, ಜೊತೆಗೆ ಉಳಿದದ್ದರಲ್ಲಿ ತಿಂಗಳು ದಾಟುತ್ತಾ ಇಲ್ಲವಾ ಅನ್ನೋದೂ ಗೊತ್ತಾಗುತ್ತೆ. 20ನೇ ತಾರೀಖಿಗೆ ಆ ಖಾತೆಗೆ ಕೈ ಹಾಕಬೇಕಾಗಿ ಬಂದರೆ 11,000ದ ಮನೆ ನಿಮಗೆ ಭಾರ. 9,000ದ ಮನೆ ನೋಡಿ.

ತಿಂಗಳದ್ದು: ಬಾಡಿಗೆ, ನೀರು 11,500. ಕರೆಂಟು 400. ಗ್ಯಾಸು 350 (ಒಬ್ಬರಿಗೆ ಸಿಲಿಂಡರ್ ಎರಡೂವರೆ ತಿಂಗಳಾದರೂ ಬರುತ್ತೆ). ದಿನಸಿ, ತರಕಾರಿ, ಹಾಲು 5,000. ಇಂಟರ್‌ನೆಟ್, ಮೊಬೈಲ್ 900. ಬೆಕ್ಕಿಗೆ 2,000, ಟ್ಯಾಂಕಿಗೆ 300, ಅಮ್ಮನಿಗೆ 4,000. ಓಡಾಟಕ್ಕೆ 1,000 ಸಾಕು. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ನಿಮಗೆ ಉಚಿತ, ತಡವಾದ ದಿನ ಮಾತ್ರ ಮೆಟ್ರೋ ಹತ್ತಿ, ಕೆಂಗೇರಿಯಿಂದ ಎಂ.ಜಿ. ರಸ್ತೆಗೆ ನೇರಳೆ ಮಾರ್ಗ ಬದಲಿಸದೆ ಹೋಗುತ್ತೆ. ಶಿವಮೊಗ್ಗಕ್ಕೂ ಕೆಂಪು ಬಸ್ಸು ಉಚಿತವೇ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಅದು ಇಲ್ಲ. ಬಟ್ಟೆ, ಔಷಧ, ಹೊರಗಿನ ಊಟ ಎಲ್ಲ 3,500. ಕೂಡಿಸಿದರೆ 28,950. ಏಳು ಸಾವಿರ ಉಳಿಯುತ್ತೆ.

ಮೀಟರ್‌ಬೋರ್ಡ್

ಮೇಲಿನವರು ಕರೆಂಟಿಗೆ 400 ಹಾಕಿದ್ದಾರೆ. ಅದು ನಿಜವಾಗಬೇಕಾದರೆ ಮನೆಗೆ ಪ್ರತ್ಯೇಕ ಬೆಸ್ಕಾಂ ಮೀಟರ್ ಇರಬೇಕು. ಮನೆ ನೋಡೋಕೆ ಹೋದಾಗ ಮೆಟ್ಟಿಲ ಕೆಳಗಿನ ಬೋರ್ಡ್ ತೆಗೆಸಿ ನೋಡಿ, ಹಳೆ ಬಿಲ್ಲಿನ ಫೋಟೋ ಕೇಳಿ. ಸಬ್ ಮೀಟರ್ ಆಗಿದ್ದರೆ ಮಾಲೀಕರು ಹೇಳಿದ್ದೇ ದರ, ಗೃಹಜ್ಯೋತಿ ನಿಮ್ಮ ಹೆಸರಿಗೆ ಬರಲ್ಲ.

ಮೀಟರ್ ಬೇರೆ ಇದ್ದರೆ ಸೇವಾ ಸಿಂಧುವಿನಲ್ಲಿ ಆಧಾರ್ ಮತ್ತು ಬಿಲ್ಲಿನ ಮೇಲಿರೋ ಖಾತೆ ಸಂಖ್ಯೆ ಕೊಟ್ಟು ನೋಂದಾಯಿಸಿ. ಹಿಂದಿನ ಬಾಡಿಗೆದಾರರು ಆ ಮೀಟರಿನಿಂದ ತಮ್ಮ ಆಧಾರ್ ಬಿಡಿಸದೆ (ಡಿ-ಲಿಂಕ್ ಮಾಡದೆ) ಹೋಗಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತೆ, ಆದ್ದರಿಂದ ಅಡ್ವಾನ್ಸ್ ಕೊಡೋ ಮುಂಚೆಯೇ ಮಾಲೀಕರಿಂದ ಮಾಡಿಸಿ. ಇನ್ನೊಂದು ವಿಷಯ: ಶಿವಮೊಗ್ಗದ ಮನೆಯ ಮೆಸ್ಕಾಂ ಮೀಟರ್ ನಿಮ್ಮ ಆಧಾರ್‌ನಲ್ಲೇ ನೋಂದಣಿಯಾಗಿದೆಯಾ ನೋಡಿಕೊಳ್ಳಿ. ಹಾಗಿದ್ದರೆ ನಿಮ್ಮದನ್ನು ಬಿಡಿಸಿ ಅಪ್ಪ ಅಥವಾ ಅಮ್ಮನ ಆಧಾರ್‌ಗೆ ಹಾಕಿಸಿ. ಇಲ್ಲವಾದರೆ ಇಲ್ಲಿ ಸಿಗಲ್ಲ, ಅಲ್ಲಿ ತಪ್ಪಿಹೋಗುತ್ತೆ.

ಹೊಸದಾಗಿ ಬಂದ ಬಾಡಿಗೆದಾರರಿಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10, ಅಂದರೆ 58 ಯೂನಿಟ್ ಉಚಿತ. ಜಾಸ್ತಿಯಾದರೆ ಮೇಲಿನದಕ್ಕೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ನಿಮ್ಮ ಬಳಕೆ: ಸಿಂಗಲ್ ಡೋರ್ ಫ್ರಿಜ್ 20, ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೆ ಕಾಲು ಗಂಟೆ 15, ಹಳೇ 75 ವ್ಯಾಟ್ ಫ್ಯಾನು ಹತ್ತು ಗಂಟೆ 22, ದೀಪ ಲ್ಯಾಪ್‌ಟಾಪ್ ಇತ್ಯಾದಿ 12. ಟ್ಯಾಂಕಿನದು ಏನೂ ಇಲ್ಲ, 5 ವ್ಯಾಟ್ ಏರ್ ಪಂಪು ಇಡೀ ದಿನ, 10 ವ್ಯಾಟ್ ದೀಪ ಎಂಟು ಗಂಟೆ ಸೇರಿ 6 ಯೂನಿಟ್. ಒಟ್ಟು 75. ಡಿಸೆಂಬರ್, ಜನವರಿಯಲ್ಲಿ 50 ವ್ಯಾಟ್ ಹೀಟರ್ ಹಾಕಿದರೆ ಇನ್ನೊಂದು 18. ನೋಂದಣಿ ಆಗೋವರೆಗೆ ಪೂರ್ತಿ ಬಿಲ್ಲು ಬರುತ್ತೆ, ಮೊದಲ ತಿಂಗಳಿಗೆ 900 ಎತ್ತಿಡಿ.

ನೀರು ಕಾವೇರಿಯದಾ, ಬೋರ್‌ವೆಲ್ಲಾ, ನೆಲದಡಿಯ ಸಂಪ್‌ಗೆ ಎರಡೂ ಬೀಳುತ್ತಾ ಅಂತ ಕೇಳಿ. ಮೀನಿಗೂ ಇದು ಮುಖ್ಯ.

ಬೆಕ್ಕಿನಬಾಗಿಲು

ಬಾಯಿಮಾತು ಸಾಲದು ಅಕ್ಕ. ಅಸೋಸಿಯೇಷನ್‌ಗಳು ಸಾಕುಪ್ರಾಣಿ ನಿಷೇಧಿಸುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ಆದರೆ ಬಿಡಿ ಮನೆಯ ಮಾಲೀಕರ ಜೊತೆ ನಿಮ್ಮನ್ನು ಕಾಯೋದು ಕರಾರುಪತ್ರವೇ. ಈ ಸಾಲು ಸೇರಿಸಿ: "ಬಾಡಿಗೆದಾರರು ಒಂದು ಬೆಕ್ಕನ್ನು ಸಾಕಿಕೊಂಡಿರುವುದು ಮಾಲೀಕರಿಗೆ ತಿಳಿದಿದ್ದು, ಅದಕ್ಕೆ ಅವರ ಒಪ್ಪಿಗೆ ಇದೆ. ಬೆಕ್ಕಿನಿಂದ ಬಾಗಿಲು, ಜಾಲರಿಗೆ ಆದ ಹಾನಿಯನ್ನು ಬಾಡಿಗೆದಾರರು ಸರಿಪಡಿಸಿಕೊಡುತ್ತಾರೆ." ಎರಡನೇ ವಾಕ್ಯ ಇದ್ದರೆ ಮಾಲೀಕರು ಮೊದಲನೆಯದಕ್ಕೆ ಬೇಗ ಸಹಿ ಹಾಕ್ತಾರೆ.

ಆಪರೇಷನ್ ಈಗಲೇ ಮಾಡಿಸಿ. ಹೊಸ ಜಾಗದಲ್ಲಿ ಬೆದೆಗೆ ಬಂದ ಬೆಕ್ಕು ರಾತ್ರಿಯಿಡೀ ಕೂಗುತ್ತೆ, ಸಂದು ಸಿಕ್ಕರೆ ಹಾರುತ್ತೆ, ಅಕ್ಕಪಕ್ಕದವರ ದೂರು ಬರೋದೂ ಆಗಲೇ. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿನ ಆಸ್ಪತ್ರೆಯಲ್ಲಿ ವಿಚಾರಿಸಿ, ಖಾಸಗಿಗಿಂತ ಖರ್ಚು ಎಷ್ಟೋ ಕಡಿಮೆ. ಗಾಯ ಮಾಯೋಕೆ 10–14 ದಿನ ಬೇಕು, ಏಪ್ರಿಲ್‌ನಲ್ಲಿ ಮುಗಿಸಿದರೆ ಪ್ರಯಾಣದ ಹೊತ್ತಿಗೆ ಗಟ್ಟಿಯಾಗಿರ್ತಾಳೆ.

ಮನೆಯಲ್ಲಿ ಎಲ್ಲರೂ ಬಾಲ್ಕನಿಗೆ ಜಾಲರಿ ಹಾಕಿ ಸುಮ್ಮನಾಗ್ತಾರೆ. ಬೆಕ್ಕು ತಪ್ಪಿಸಿಕೊಳ್ಳೋದು ಬಚ್ಚಲ ವೆಂಟಿಲೇಟರ್‌ನಿಂದ. ಅಲ್ಲಿ ಓರೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳಿರುತ್ತಲ್ಲ, ಬೆಕ್ಕು ತಲೆ ತೂರಿಸಿದರೆ ಪಟ್ಟಿ ಚೌಕಟ್ಟಿನಿಂದ ಜಾರಿ ಕೆಳಗೆ ಬೀಳುತ್ತೆ, ಹಿಂದೆಯೇ ಬೆಕ್ಕೂ ಹೋಗುತ್ತೆ. ಒಳಗಡೆಯಿಂದ ಕಬ್ಬಿಣದ ಜಾಲರಿ ಹೊಡೆಸಿ. ಅಡುಗೆಮನೆ ಎಕ್ಸಾಸ್ಟ್ ಫ್ಯಾನಿನ ತೂತು, ಯುಟಿಲಿಟಿಯ ಗ್ರಿಲ್ ಕೂಡ ನೋಡಿ: ಸರಳಿನ ನಡುವೆ ಮೂರಿಂಚು ಇದ್ದರೂ ಮೂರೂವರೆ ಕೆಜಿ ಬೆಕ್ಕು ನುಸುಳುತ್ತೆ. ಪಾರಿವಾಳಕ್ಕೆ ಹಾಕೋ ತೆಳು ನೈಲಾನ್ ಬಲೆಯನ್ನು ಕೆಲವು ಬೆಕ್ಕು ಕಡಿದು ಹರಿಯುತ್ತವೆ. ದಪ್ಪ ದಾರದ್ದು ಕೇಳಿ, ಅಡಿಗೊಂದು ಹುಕ್ ಹಾಕಿಸಿ.

ಹೊಸ ಮನೆ ತೊಳೆಯೋಕೆ ಫಿನಾಯಿಲ್ ಬೇಡವೇ ಬೇಡ. ನೀರಿಗೆ ಹಾಕಿದರೆ ಬೆಳ್ಳಗಾಗೋ ಆ ಫೀನಾಲಿನ ಅಂಶವನ್ನು ಅರಗಿಸೋ ಶಕ್ತಿ ಬೆಕ್ಕಿನ ಲಿವರ್‌ಗಿಲ್ಲ. ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ವಿಷ. ಸೋಪು ನೀರು ಸಾಕು. ಪ್ರಯಾಣದಲ್ಲಿ ಬೆಚ್ಚಗಿದ್ದಾಳೆ ಅಂತ ಪ್ಯಾರಾಸಿಟಮಾಲ್ ಕೊಡೋದು, ನಾಯಿಗೆ ಹಾಕೋ ಉಣ್ಣೆ ಪೌಡರ್ ಹಾಕೋದು, ಎರಡೂ ಜೀವಕ್ಕೇ ಅಪಾಯ.

ಕ್ಯಾರಿಯರ್ ಈಗಲೇ ತಂದು ಬಾಗಿಲು ತೆಗೆದು ಹಾಲ್‌ನಲ್ಲಿಡಿ, ಊಟ ಅದರೊಳಗೇ ಹಾಕಿ. ಹೊರಡೋ ದಿನ ಐದು ಗಂಟೆ ಮುಂಚೆ ಊಟ ನಿಲ್ಲಿಸಿ, ನೀರು ಕೊಡಬಹುದು. ದಾರಿಯಲ್ಲಿ ಎಷ್ಟೇ ಕೂಗಲಿ, ಕಾರಿನೊಳಗೆ ಬಿಡಬೇಡಿ, ಟೋಲ್‌ನಲ್ಲಿ ಕಿಟಕಿ ಇಳಿಸಿದ ಕ್ಷಣ ಸಾಕು. ಹೊಸ ಮನೆಯಲ್ಲಿ ಮೊದಲ ನಾಲ್ಕೈದು ದಿನ ರೂಮೊಂದರಲ್ಲೇ ಇರಲಿ, ಜೊತೆಗೆ ಒಗೆಯದ ಹಳೇ ಬೆಡ್‌ಶೀಟ್. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಎರಡನೇ ದಿನಕ್ಕೆ ಬಿಡಬೇಡಿ. ಬೆಕ್ಕು ಉಪವಾಸವಿದ್ದರೆ ಲಿವರ್‌ನಲ್ಲಿ ಕೊಬ್ಬು ಕಟ್ಟುತ್ತೆ.

ಬೆಕ್ಕಿಗೆ ತಿಂಗಳಿಗೆ ಹಾಕಿದ 2,000 ಸರಿಯಾಗೇ ಇದೆ: ದಿನಕ್ಕೆ 50 ಗ್ರಾಂನಂತೆ ಒಂದೂವರೆ ಕೆಜಿ ಒಣ ಆಹಾರಕ್ಕೆ 600, ಲಿಟರ್ (ಬೆಕ್ಕಿನ ಕಕ್ಕಸಿಗೆ ಹಾಕೋ ಮರಳು) ಎರಡು ಚೀಲಕ್ಕೆ 700, ಉಳಿದದ್ದು ಜಂತು ಮಾತ್ರೆ, ವರ್ಷದ ಲಸಿಕೆಗೆ.

ತುಂಗಾತೀರ

ವೆಂಟಿಲೇಟರ್ ನನ್ನ ತಲೆಗೇ ಬಂದಿರಲಿಲ್ಲ. ನೋಡಿರೋ ಮನೆಯಲ್ಲಿ ಅದೇ ಗಾಜಿನ ಪಟ್ಟಿ ಇದೆ. ಆ ಮನೆ ನೀರು ಬೋರ್‌ವೆಲ್ ಅಂತೆ, ಕಾವೇರಿ ವಾರಕ್ಕೆರಡು ಸಲ. ಟೆಟ್ರಾ ಗತಿ?

ಹಸಿರುನೀರು

ಗಪ್ಪಿಗೆ ತೊಂದರೆಯಿಲ್ಲ, ಗಡಸು ನೀರು ಅವಕ್ಕೆ ಒಗ್ಗುತ್ತದೆ. ನಿಯಾನ್ ಟೆಟ್ರಾ ಮೆದು ನೀರಿನ ಮೀನು, ನಿಮ್ಮ ತುಂಗೆಯ ನೀರಲ್ಲಿ ಸುಖವಾಗಿದ್ದವು. 300 ರೂಪಾಯಿಯ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವುದು) ಕೊಂಡು ಶಿವಮೊಗ್ಗದ ಟ್ಯಾಂಕಿನ ನೀರನ್ನೂ ಹೊಸ ಮನೆಯ ನಲ್ಲಿ ನೀರನ್ನೂ ಅಳೆಯಿರಿ. ಅಲ್ಲಿ 100, ಇಲ್ಲಿ 700 ಬಂದರೆ ಆ ಎಂಟನ್ನು ಊರಲ್ಲೇ ಮೀನು ಸಾಕುವವರಿಗೆ ಕೊಟ್ಟುಬಿಡಿ. ಅಥವಾ ಕಾವೇರಿ ಬಂದ ದಿನ ಎರಡು ಕ್ಯಾನ್ ಹಿಡಿದಿಟ್ಟು, ಕ್ಲೋರಿನ್ ತೆಗೆಯುವ ಹನಿ ಹಾಕಿ, ಯಾವಾಗಲೂ ಅದನ್ನೇ ಬಳಸಬೇಕು.

ಒಂದೇ ದಿನ, ಒಂದೇ ಗಾಡಿ ಬೇಡ. ತುಂಬಿದ ಟ್ಯಾಂಕ್ ಅಂದರೆ 45 ಲೀಟರ್ ನೀರು, 9 ಕೆಜಿ ಗಾಜು, ಮರಳು ಸೇರಿ 65 ಕೆಜಿ. ಅದಕ್ಕೆ ಅಲುಗದ ಸ್ಟ್ಯಾಂಡ್ ಬೇಕು, ಸ್ಪಿರಿಟ್ ಲೆವೆಲ್ ಇಟ್ಟು ನೋಡಬೇಕು, ಅಡಿಗೆ ಅರ್ಧ ಇಂಚಿನ ಥರ್ಮೊಕೋಲ್ ಹಾಸಬೇಕು. ಮನೆ ಸಾಮಾನು ಹರಡಿಕೊಂಡ ದಿನ ಇದು ಆಗದ ಕೆಲಸ. ಬೆಕ್ಕು ಮೊದಲು ಒಗ್ಗಿಕೊಳ್ಳಲಿ, ಮೂರು ವಾರ ಬಿಟ್ಟು ಟ್ಯಾಂಕ್ ತನ್ನಿ.

ತರುವಾಗ ಮರಳನ್ನೂ ನೀರನ್ನೂ ಪೂರ್ತಿ ಖಾಲಿ ಮಾಡಿ. ಎರಡಿಂಚು ನೀರು ಬಿಟ್ಟು ಎತ್ತಿದರೂ ಅಡಿಯ ಸಿಲಿಕೋನ್ ಅಂಟು ಬಿಡಬಹುದು, ಸೋರುವುದು ವಾರ ಕಳೆದ ಮೇಲೆ ಗೊತ್ತಾಗುತ್ತದೆ. ಕಾಪಾಡಬೇಕಾದದ್ದು ಸ್ಪಾಂಜನ್ನು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದು ಅದರಲ್ಲಿ, ನೀರಿನಲ್ಲಲ್ಲ. ನಲ್ಲಿಯಡಿ ತೊಳೆಯಬೇಡಿ, ಕ್ಲೋರಿನ್‌ಗೆ ಸಾಯುತ್ತವೆ. ಟ್ಯಾಂಕಿನದೇ ನೀರು ಹಾಕಿದ ಬಕೆಟ್‌ನಲ್ಲಿ ಮುಳುಗಿಸಿ, ಬ್ಯಾಟರಿ ಏರ್ ಪಂಪು ಹಚ್ಚಿ. ಮೀನಿಗೆ ಹಿಂದಿನ ದಿನ ಊಟವಿಲ್ಲ. ಕವರಿನಲ್ಲಿ ಮೂರರಲ್ಲೊಂದು ಪಾಲು ನೀರು, ಉಳಿದದ್ದು ಗಾಳಿ, ಒಂದಕ್ಕೆ ನಾಲ್ಕು ಮೀನು, ಎಲ್ಲವೂ ಥರ್ಮೊಕೋಲ್ ಪೆಟ್ಟಿಗೆಯಲ್ಲಿ. ತಲುಪಿದ ಮೇಲೆ ಒಂದು ಗಂಟೆ ಕಾಲ ಐದೈದು ನಿಮಿಷಕ್ಕೆ ಅರ್ಧ ಲೋಟದಂತೆ ಹೊಸ ನೀರು ಬೆರೆಸುತ್ತ ಬನ್ನಿ. ಮೊದಲ ಹತ್ತು ದಿನ ಅರ್ಧ ಊಟ, ಎರಡು ದಿನಕ್ಕೊಮ್ಮೆ ಅಮೋನಿಯಾ ಟೆಸ್ಟ್. ಮುಚ್ಚಳಕ್ಕೆ ಕ್ಲಿಪ್ ಇರಲಿ, ಮನೆಯಲ್ಲಿ ಚುಕ್ಕಿ ಇದ್ದಾಳೆ.

ಆ ಮೂರು ವಾರ ಮೀನು ನೋಡಿಕೊಳ್ಳುವುದು ಅಪ್ಪ ಅಮ್ಮ ತಾನೇ? ಡಬ್ಬಿ ಅವರ ಕೈಗೆ ಕೊಡಬೇಡಿ, ಪ್ರೀತಿಗೆ ಜಾಸ್ತಿ ಹಾಕಿಬಿಡುತ್ತಾರೆ, ತಿನ್ನದೆ ಉಳಿದದ್ದು ಕೊಳೆತು ನೀರು ಕೆಡುತ್ತದೆ. ದಿನಕ್ಕೊಂದು ಚಿಟಿಕೆಯಂತೆ 21 ಪೊಟ್ಟಣ ಕಟ್ಟಿ, ತಾರೀಖು ಬರೆದಿಟ್ಟು ಹೊರಡಿ.