ಮುಳುಗಡೆ ಊರಿನ ಅಜ್ಜನ ಬದುಕನ್ನು ಬರೆದಿಡುವುದು ಹೇಗೆ?

ಪ್ರಶ್ನೆ: ಅಜ್ಜ ತೀರಿಕೊಂಡು ಆರು ತಿಂಗಳಾಯಿತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನವರು. ಬರೆದಿಟ್ಟದ್ದು ಏನೂ ಇಲ್ಲ, ಇರುವುದು ಎರಡೇ ಫೋಟೋ. ವರ್ಷದ ತಿಥಿಗೆ ಮನೆಯವರಿಗೆಲ್ಲ ಒಂದು ಪುಸ್ತಿಕೆ ಕೊಡುವಾಸೆ. ಎಲ್ಲಿಂದ ಶುರು ಮಾಡಲಿ?

ಸಾಗರದಿಂದ: ಅವರ ಒಡಹುಟ್ಟಿದವರು ಯಾರಾದರೂ ಇದ್ದರೆ ಈ ವಾರವೇ ಹೋಗಿ ಬನ್ನಿ. ನಾನು ತಡಮಾಡಿದೆ, ಅಷ್ಟರಲ್ಲಿ ದೊಡ್ಡಜ್ಜ ಹೋದರು. ಉಳಿದವರು ಅಜ್ಜನ ತಂಗಿ ಒಬ್ಬರೇ. "ಅಜ್ಜ ಹೇಗಿದ್ರು?" ಅಂದರೆ "ಒಳ್ಳೆಯವ್ನೇ" ಅಂದು ಸುಮ್ಮನಾದರು. ಇಸವಿ ಕೇಳಿದರೆ ತಲೆಯಾಡಿಸಿದರು. ನಮ್ಮ ಕಡೆಯ ಹಿರಿಯರು ಕಾಲ ಲೆಕ್ಕ ಹಾಕುವುದು ನೀರಿನಿಂದ. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟು 1948ರದ್ದು, ಲಿಂಗನಮಕ್ಕಿ 1964ರದ್ದು. "ಅಜ್ಜನ ಮದುವೆ ಹೊತ್ತಿಗೆ ಲಿಂಗನಮಕ್ಕಿ ಕೆಲಸ ಶುರುವಾಗಿತ್ತಾ? ಸಾಮಾನು ಸಾಗಿಸಿದ್ದು ಎತ್ತಿನ ಗಾಡೀಲಾ, ಲಾರೀಲಾ?" ಹೀಗೆ ಕೇಳಿದ ಮೇಲೆ ಮಾತು ಬಿಚ್ಚಿಕೊಂಡಿತು. ಮೊಬೈಲನ್ನು ಮುಖಕ್ಕೆ ಹಿಡಿದು ಕೂರಿಸಬೇಡಿ. ಅವರು ಅಡಿಕೆ ಸುಲಿಯುತ್ತಿದ್ದರು, ನಾನೂ ಒಂದು ಮೆಟ್ಟುಗತ್ತಿ ಹಾಕಿಕೊಂಡು ಕೂತೆ. ಅವರನ್ನು ಕೇಳಿಯೇ ಫೋನನ್ನು ಬುಟ್ಟಿಯ ಪಕ್ಕ ಇಟ್ಟಿದ್ದೆ. ಊರು ಬಿಡುವ ದಿನ ಅಜ್ಜ ಮುಂಬಾಗಿಲಿನ ದಾರಂದ ಕಿತ್ತು ಗಾಡಿಗೆ ಹೇರಿದ್ದರಂತೆ. ಈಗ ನಮ್ಮ ಕೊಟ್ಟಿಗೆಗಿರುವುದು ಅದೇ. ಹುಟ್ಟಿದಾಗಿನಿಂದ ದಾಟಿ ಓಡಾಡಿದ್ದೇನೆ, ದನದ ಕೊಟ್ಟಿಗೆಯ ಬಾಗಿಲಿಗೆ ಗಿಳಿಯ ಕೆತ್ತನೆ ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಹೊಸನಗರದಿಂದ: ಅವರು ಗೇಣಿದಾರರಾಗಿದ್ದರೆ ಭೂನ್ಯಾಯ ಮಂಡಳಿಯ ಕಡತ ಹುಡುಕಿ. 1974ರ ಭೂಸುಧಾರಣೆಯ ನಂತರ ಗೇಣಿದಾರರು ತಾವು ಉಳುವ ಜಮೀನಿನ ಹಕ್ಕು ಕೇಳಿ ಈ ಮಂಡಳಿಗೆ ನಮೂನೆ 7ರಲ್ಲಿ ಡಿಕ್ಲರೇಷನ್ ಕೊಟ್ಟಿದ್ದರು. ಸರ್ವೆ ನಂಬರ್ ಹಿಡಿದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ವಿಚಾರಿಸಿ. ನಮ್ಮಜ್ಜನ ಹೇಳಿಕೆ ಅಲ್ಲೇ ಸಿಕ್ಕಿತು. ಎಷ್ಟು ವರ್ಷದಿಂದ ಸಾಗುವಳಿ, ಗೇಣಿ ಎಷ್ಟು ಅಳೆಯುತ್ತಿದ್ದರು, ಎಲ್ಲ ಇತ್ತು. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು. ಅವರ ಕೈಯ ಗುರುತು ಅಂತ ನಮಗೆ ಉಳಿದಿರುವುದು ಅದೊಂದೇ, ಅದನ್ನೇ ಪುಸ್ತಿಕೆಯ ಮುಖಪುಟಕ್ಕೆ ಹಾಕಿದೆವು. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತಿದ್ದರೆ ಮಾತ್ರ ನಂಬಬೇಡಿ, ಸೇರಿಸಿಕೊಳ್ಳುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದಿರುವ ಸಾಧ್ಯತೆಯೇ ಹೆಚ್ಚು.

ಆನಂದಪುರದಿಂದ: ಆಸ್ತಿ ಪಾಲಿನ ಜಗಳಗಳನ್ನು ನಾನು ಬರೆಯಲಿಲ್ಲ, ಅದರ ಬಗ್ಗೆ ಬೇಸರವೂ ಇಲ್ಲ. ಪುಸ್ತಿಕೆಯ ಕೊನೆಗೆ ನಾಲ್ಕು ಖಾಲಿ ಹಾಳೆ ಬಿಡಿ. ತಿಥಿಯ ದಿನ ಊಟವಾದ ಮೇಲೆ ಪೆನ್ನು ಕೊಟ್ಟರೆ, ಮಾತಾಡದವರೂ ಬರೆಯುತ್ತಾರೆ. ಹಿನ್ನೀರು ಇಳಿದ ಬೇಸಿಗೆಯಲ್ಲಿ ಅಜ್ಜ ಒಬ್ಬರೇ ನಡೆದುಹೋಗಿ ಹಳೇ ಮನೆಯ ತುಳಸಿಕಟ್ಟೆಯ ಹತ್ತಿರ ಕೂತು ಬರುತ್ತಿದ್ದರು ಅಂತ ಚಿಕ್ಕಪ್ಪ ಬರೆದಿದ್ದರು. ಅಪ್ಪನಿಗೂ ಅದು ಗೊತ್ತಿರಲಿಲ್ಲ.